ಕೋರ್‌ಬೂಟ್ ಅಡಿಯಲ್ಲಿ ಗ್ರಾಫಿಕ್ಸ್ ಕಾರ್ಡ್: ಆಪ್ಟಿಪ್ಲೆಕ್ಸ್ 9020 ಯಂತ್ರದ ಪ್ರಕರಣ ಅಧ್ಯಯನ

ಕಚೇರಿಯೊಂದು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗೆ ಮುಕ್ತ ಆಕರದ ಫರ್ಮ್‌ವೇರ್ (ಯಂತ್ರ ಎಚ್ಚರಗೊಂಡೊಡನೆ ಮೊದಲು ಓಡುವ ತಂತ್ರಾಂಶ) ಬರೆದು, ಅದರ ಸ್ಲಾಟಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೂರಿಸಲಾಗಿದೆ. ಯಂತ್ರ ಎಚ್ಚರಗೊಳ್ಳುತ್ತದೆ, ಬೂಟ್ ಮೆನು ಕಾಣುತ್ತದೆ, ಲಿನಕ್ಸ್ ಕರ್ನಲ್‌ನ ಸಾಲುಗಳು ಒಂದರ ಹಿಂದೊಂದು ಓಡುತ್ತವೆ. ಆದರೆ ಚಿತ್ರಾತ್ಮಕ ಪರದೆಯನ್ನು ನಡೆಸುವ ಎಕ್ಸ್‌ಆರ್ಗ್ ಶುರುವಾದಾಗ ಎಲ್ಲವೂ ಹ್ಯಾಂಗ್ ಆಗುತ್ತದೆ. ಕಾರ್ಡನ್ನು ತೆಗೆದು, ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೇ ಜೋಡಿಸಿದರೆ ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ. ಕೆಟ್ಟದ್ದು ಕಾರ್ಡೋ, ಡ್ರೈವರೋ, ಫರ್ಮ್‌ವೇರೋ ಎಂಬ ಪ್ರಶ್ನೆಗೆ ಕಣ್ಣಿಗೆ ಕಾಣುವ ಲಕ್ಷಣಗಳಷ್ಟರಿಂದಲೇ ಉತ್ತರ ಹೇಳಲು ಹೊರಟವರು ಬಹುಪಾಲು ತಪ್ಪು ದಾರಿ ಹಿಡಿಯುತ್ತಾರೆ. ಡೆಲ್ ಆಪ್ಟಿಪ್ಲೆಕ್ಸ್ 9020ಕ್ಕೆ ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಅಳವಡಿಸುವ ಕೆಲಸದಲ್ಲಿ ಎದುರಾಗಿ, ಸಾರ್ವಜನಿಕ ಕೋಡ್ ಇತಿಹಾಸದಲ್ಲಿ ದಾಖಲಾಗಿರುವ ಈ ತೊಂದರೆಯನ್ನು ಪದರಪದರವಾಗಿ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಪ್ರಕರಣದ ಹಿನ್ನೆಲೆ

ಆಪ್ಟಿಪ್ಲೆಕ್ಸ್ 9020 ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಹ್ಯಾಸ್ವೆಲ್ ಎಂಬ ಒಳಹೆಸರಿನ, ನಾಲ್ಕನೆಯ ತಲೆಮಾರಿನ ಇಂಟೆಲ್ ಕೋರ್ ಪ್ರೊಸೆಸರುಗಳನ್ನೂ ಕ್ಯೂ87 ಚಿಪ್‌ಸೆಟ್ಟನ್ನೂ ಬಳಸುವ ಈ ಯಂತ್ರ, ದೊಡ್ಡ ಕಂಪನಿಗಳು ಒಟ್ಟೊಟ್ಟಾಗಿ ಕೊಂಡು ಕೆಲವು ವರ್ಷಗಳ ನಂತರ ಒಟ್ಟೊಟ್ಟಾಗಿಯೇ ಮಾರಿಬಿಡುವ ಜಾತಿಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಡಿಮೆ ಬೆಲೆಗೆ ಸಿಗುವುದು ಇಂಥ ಬಳಸಿದ ಕಚೇರಿ ಯಂತ್ರಗಳೇ ಆದ್ದರಿಂದ ಈ ಪ್ರಕರಣ ನಮ್ಮ ಓದುಗರಿಗೂ ದೂರದ್ದಲ್ಲ. ಇದರಲ್ಲಿ ನಿಂತಿರುವ ಗೋಪುರದಂಥ ದೊಡ್ಡ ಪೆಟ್ಟಿಗೆಯೂ ಇದೆ, ಸಣ್ಣ ಪೆಟ್ಟಿಗೆಯೂ ಇದೆ; ಸಣ್ಣದರಲ್ಲಿ ಅರ್ಧ ಎತ್ತರದ ಕಾರ್ಡುಗಳಿಗಷ್ಟೇ ಜಾಗ.

ಕೋರ್‌ಬೂಟ್ ಹುಟ್ಟಿದ್ದು 1999ರಲ್ಲಿ, ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ರಾನ್ ಮಿನ್ನಿಚ್ ಅವರ ಕೈಯಲ್ಲಿ; ಆಗ ಅದಕ್ಕಿದ್ದ ಹೆಸರು ಲಿನಕ್ಸ್‌ಬಯೋಸ್, ಈಗಿನ ಹೆಸರು ಬಂದದ್ದು 2008ರಲ್ಲಿ. ಲಿಬ್ರೆಬೂಟ್ ಎಂಬುದು ಕೋರ್‌ಬೂಟನ್ನೇ ಆಧರಿಸಿ, ಸಾಮಾನ್ಯ ಬಳಕೆದಾರ ತಾನೇ ಕಂಪೈಲ್ ಮಾಡುವ ಗೋಜಿಲ್ಲದೆ ತನ್ನ ಯಂತ್ರಕ್ಕೆ ಬರೆದುಕೊಳ್ಳಬಹುದಾದ ರೋಮ್ ಕಡತಗಳನ್ನು ಸಿದ್ಧಪಡಿಸಿ ಕೊಡುವ, 2013ರಲ್ಲಿ ಆರಂಭವಾದ ಯೋಜನೆ. 9020 ಈ ಯೋಜನೆಯ ಪಟ್ಟಿಗೆ ಸೇರಿದ್ದು 2024ರಲ್ಲಿ.

ಮುಕ್ತ ಫರ್ಮ್‌ವೇರಿಗೂ ಗ್ರಾಫಿಕ್ಸಿಗೂ ಇರುವ ಜಗಳ ಈ ಯಂತ್ರದಿಂದ ಶುರುವಾದದ್ದಲ್ಲ. ಹಳೆಯ ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪ್ ಇಂಟೆಲ್ ಗ್ರಾಫಿಕ್ಸ್ ಮತ್ತು ಎಟಿಐ ಗ್ರಾಫಿಕ್ಸ್ ಎರಡು ಬಗೆಯಲ್ಲೂ ಬರುತ್ತಿತ್ತು. ಲಿಬ್ರೆಬೂಟ್ ಒಪ್ಪಿಕೊಂಡದ್ದು ಇಂಟೆಲ್ ಬಗೆಯನ್ನು ಮಾತ್ರ, ಏಕೆಂದರೆ ಎಟಿಐ ಚಿಪ್ಪನ್ನು ಎಬ್ಬಿಸಬಲ್ಲ ಮುಕ್ತ ಕೋಡ್ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹಾಗೆ ಆರಿಸಿ ಒಪ್ಪಿಕೊಳ್ಳಬಹುದು. ಡೆಸ್ಕ್‌ಟಾಪಿನಲ್ಲಾದರೋ ಸ್ಲಾಟಿಗೆ ಯಾರು ಯಾವ ಕಾರ್ಡ್ ತಂದು ಹಾಕುತ್ತಾರೆಂದು ಫರ್ಮ್‌ವೇರ್ ಬರೆಯುವವರು ಮೊದಲೇ ಹೇಳಲಾಗದು.

ಪರದೆಯನ್ನು ಬೆಳಗಿಸುವವರು ಯಾರು

ತಯಾರಕರ ಮೂಲ ಫರ್ಮ್‌ವೇರಿನಲ್ಲಿ ಈ ಪ್ರಶ್ನೆ ಬಳಕೆದಾರನಿಗೆ ಏಳುವುದೇ ಇಲ್ಲ. ಅಲ್ಲಿ ಎಲ್ಲ ಹೊಣೆಯೂ ಒಂದೇ ಗಂಟಿನೊಳಗೆ ಅಡಗಿರುತ್ತದೆ. ಕೋರ್‌ಬೂಟಿನಲ್ಲಿ ಹೊಣೆ ಹಂಚಿಕೆಯಾಗಿದೆ. ಕೋರ್‌ಬೂಟ್ ತಾನು ಪ್ರೊಸೆಸರ್, ಮೆಮೊರಿ, ಚಿಪ್‌ಸೆಟ್ ಇವುಗಳನ್ನು ಸಜ್ಜುಗೊಳಿಸಿ, ಪಿಸಿಐ ಎಂಬ ಜೋಡಣೆಯ ಮೂಲಕ ಸೇರಿರುವ ಸಾಧನಗಳಿಗೆ ವಿಳಾಸ ಹಂಚಿ, ಮುಂದಿನ ಕೆಲಸವನ್ನು ಪೇಲೋಡ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸಿ ಹಿಂದೆ ಸರಿಯುತ್ತದೆ. ಪೇಲೋಡ್ ಆಗಿ ಸಾಮಾನ್ಯವಾಗಿ ಬಳಕೆಯಲ್ಲಿರುವವು ಹಳೆಯ ಬಯೋಸ್‌ನಂತೆ ವರ್ತಿಸುವ ಸೀಬಯೋಸ್ ಮತ್ತು ಬೂಟ್ ಲೋಡರ್ ಆದ ಗ್ರಬ್.

ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಆದರೆ ಲಿಬ್‌ಜಿಎಫ್‌ಎಕ್ಸ್‌ಇನಿಟ್ ಎಂಬ ಮುಕ್ತ ಗ್ರಂಥಾಲಯ ಅದನ್ನು ಎಬ್ಬಿಸುತ್ತದೆ. ಇದು ಏಡಾ ಭಾಷೆಯ ಸ್ಪಾರ್ಕ್ ಉಪಭಾಷೆಯಲ್ಲಿ ಬರೆದದ್ದು. ಫರ್ಮ್‌ವೇರ್ ಲೋಕದಲ್ಲಿ ಸಿ ಭಾಷೆಯ ಏಕಸ್ವಾಮ್ಯವನ್ನು ಬಲ್ಲವರಿಗೆ ಈ ಆಯ್ಕೆ ಬೆರಗು ತರಿಸುವಂಥದ್ದು. ಆದರೆ ಈ ಗ್ರಂಥಾಲಯಕ್ಕೆ ಎನ್ವಿಡಿಯಾ, ಎಎಂಡಿ ಕಾರ್ಡುಗಳ ಪರಿಚಯವಿಲ್ಲ. ಅವುಗಳನ್ನು ಎಬ್ಬಿಸುವ ಕೋಡ್ ಆ ಕಾರ್ಡಿನದೇ ಒಂದು ಸಣ್ಣ ಚಿಪ್ಪಿನಲ್ಲಿ ಕುಳಿತಿರುತ್ತದೆ. ಆಪ್ಷನ್ ರೋಮ್ ಎಂದು ಕರೆಯುವ ಈ ಕೋಡ್ 55ಎಎ ಎಂಬ ಗುರುತಿನಿಂದ ಶುರುವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಅದನ್ನು ಮೆಮೊರಿಯ 768 ಕಿಲೋಬೈಟ್ ಗುರುತಿನ ಬಳಿ ನಕಲಿಸಿ, ಪ್ರೊಸೆಸರನ್ನು ಹದಿನಾರು ಬಿಟ್ಟಿನ ಸ್ಥಿತಿಯಲ್ಲಿಟ್ಟು ನಡೆಸಬೇಕು. ಹೀಗಾಗಿ ಮದರ್‌ಬೋರ್ಡಿನ ಫರ್ಮ್‌ವೇರ್ ಎಷ್ಟೇ ಮುಕ್ತವಾಗಿದ್ದರೂ, ಹೊರಗಿನ ಕಾರ್ಡಿನಿಂದ ಬೂಟ್ ಹಂತದಲ್ಲೇ ಪರದೆ ಬೆಳಗಬೇಕಾದರೆ ಆಕರ ಕಾಣದ ಒಂದಿಷ್ಟು ಕೋಡ್ ಪ್ರೊಸೆಸರಿನ ಮೇಲೆ ನಡೆಯುವುದು ಖಚಿತ. ಶುದ್ಧ ಮುಕ್ತತೆಯೇ ಗುರಿಯಾಗಿರುವವರು ಕಾರ್ಡ್ ಕೊಳ್ಳುವ ಮೊದಲೇ ಇದನ್ನು ತಿಳಿದಿರುವುದು ಒಳ್ಳೆಯದು.

ಆಪ್ಷನ್ ರೋಮನ್ನು ನಡೆಸುವ ಕೆಲಸ ಯಾರದು? ಕೋರ್‌ಬೂಟಿಗೇ ಅದನ್ನು ಮಾಡುವ ಸಾಮರ್ಥ್ಯವಿದೆ, ಕಂಪೈಲ್ ಮಾಡುವಾಗ ಆರಿಸಿಕೊಳ್ಳಬೇಕು. ಸೀಬಯೋಸ್ ಮಾತ್ರ ಯಾರೂ ಹೇಳದೆಯೇ ಸ್ಲಾಟುಗಳನ್ನು ಜಾಲಾಡಿ ವಿಜಿಎ (ಪಿಸಿಗಳ ಹಳೆಯ ಪರದೆ ಪದ್ಧತಿ) ಸಾಧನದ ರೋಮನ್ನು ಹುಡುಕಿ ನಡೆಸುತ್ತದೆ. ಗ್ರಬ್‌ಗೆ ಈ ವಿದ್ಯೆ ಬಾರದು. ಆದ್ದರಿಂದ ಗ್ರಬ್ ಮಾತ್ರವೇ ಮೊದಲ ಪೇಲೋಡ್ ಆಗಿದ್ದು, ಕೋರ್‌ಬೂಟೂ ರೋಮನ್ನು ನಡೆಸದಿದ್ದರೆ, ಹೊರಗಿನ ಕಾರ್ಡಿಗೆ ಜೋಡಿಸಿದ ಮಾನಿಟರ್ ಕರ್ನಲ್ ಬಂದು ತನ್ನ ಡ್ರೈವರನ್ನು ಹೊರಿಸುವವರೆಗೂ ಕಪ್ಪಾಗಿಯೇ ಇರುತ್ತದೆ. ಯಂತ್ರ ಸತ್ತಿದೆ ಎಂದು ಬಳಕೆದಾರ ಪವರ್ ಬಟನ್ ಒತ್ತಿ ಹಿಡಿಯುತ್ತಾನೆ, ಅಷ್ಟರಲ್ಲಿ ಅದು ಒಳಗೊಳಗೇ ಬೂಟ್ ಆಗುತ್ತಿರುತ್ತದೆ. ಸೀಬಯೋಸನ್ನು ಮೊದಲ ಪೇಲೋಡ್ ಆಗಿ ಇಟ್ಟು, ಗ್ರಬ್ಬನ್ನು ಅದರೊಳಗಿಂದ ಕರೆಯುವ ಏರ್ಪಾಡಿಗೆ ಲಿಬ್ರೆಬೂಟ್ ಹೊರಳಿಕೊಂಡದ್ದರ ಹಿಂದೆ ಇರುವ ತರ್ಕ ಇದೇ.

ನಮ್ಮ ಪ್ರಕರಣಕ್ಕೆ ಇದನ್ನು ಅನ್ವಯಿಸಿ ನೋಡೋಣ. ಬೂಟ್ ಮೆನು ಕಂಡಿದೆ, ಕರ್ನಲ್‌ನ ಅಕ್ಷರಗಳು ಮೂಡಿವೆ. ಅಂದರೆ ಸೀಬಯೋಸ್ ಕಾರ್ಡಿನ ರೋಮನ್ನು ಪತ್ತೆಮಾಡಿ ನಡೆಸಿದೆ, ಕಾರ್ಡಿಗೆ ವಿದ್ಯುತ್ತು ಸಿಕ್ಕಿದೆ, ಸ್ಲಾಟಿನ ಸಂಪರ್ಕ ಸರಿಯಿದೆ, ಕೇಬಲ್ಲೂ ಮಾನಿಟರೂ ಸರಿಯಿವೆ. ಶಂಕಿತರ ಪಟ್ಟಿಯಿಂದ ಇಷ್ಟು ಮಂದಿಯನ್ನು ಒಂದೇ ಏಟಿಗೆ ಹೊರಗಿಡಬಹುದು. ಇದನ್ನು ಕಣ್ಣಂದಾಜಿಗೆ ಬಿಡದೆ ದಾಖಲೆಯಿಂದ ಖಚಿತಪಡಿಸಿಕೊಳ್ಳುವ ಉಪಾಯವೂ ಇದೆ. ಕೋರ್‌ಬೂಟ್ ತನ್ನ ಎಲ್ಲ ಸಂದೇಶಗಳನ್ನು ಮೆಮೊರಿಯ ಒಂದು ಕಾಯ್ದಿಟ್ಟ ಭಾಗದಲ್ಲಿ ಬರೆದಿಡುತ್ತದೆ, ಸೀಬಯೋಸ್ ಕೂಡ ಅದರ ಮುಂದುವರಿಕೆಯಾಗಿ ಅಲ್ಲಿಯೇ ಬರೆಯುತ್ತದೆ. ಲಿನಕ್ಸಿನಲ್ಲಿ ಸಿಬಿಮೆಮ್ ಎಂಬ ಸಣ್ಣ ಉಪಕರಣವನ್ನು ಸಿ ಎಂಬ ಆಯ್ಕೆಯೊಡನೆ ರೂಟ್ ಬಳಕೆದಾರನಾಗಿ ನಡೆಸಿದರೆ ಆ ದಾಖಲೆ ಪೂರ್ತಿ ಕಾಣುತ್ತದೆ. ವಿಜಿಎ ಆಪ್ಷನ್ ರೋಮ್‌ಗಾಗಿ ಹುಡುಕಾಟ ನಡೆಯಿತು, ಅದು ಸಿಕ್ಕಿತು, ಸಿ000 ವಿಳಾಸದಿಂದ ಅದನ್ನು ನಡೆಸಲಾಯಿತು, ಅಕ್ಷರ ಪರದೆಯನ್ನು ತೆರೆಯಲಾಯಿತು ಎಂಬ ಸಾಲುಗಳು ಕ್ರಮವಾಗಿ ಇದ್ದರೆ ಈ ಹಂತದಲ್ಲಿ ಹುಡುಕುವುದಕ್ಕೆ ಏನೂ ಉಳಿದಿಲ್ಲವೆಂದೇ ಅರ್ಥ. ಹುಡುಕಾಟದ ಸಾಲು ಇದ್ದು ನಡೆಸಿದ ಸಾಲು ಇಲ್ಲದಿದ್ದರೆ, ಸೀಬಯೋಸಿನ ಆಪ್ಷನ್ ರೋಮ್ ಆಯ್ಕೆಯನ್ನು ಯಾರಾದರೂ ಸೊನ್ನೆಗೆ ಇಳಿಸಿದ್ದಾರೆಯೇ ನೋಡಬೇಕು. ಅದರ ಪೂರ್ವನಿಗದಿತ ಮೌಲ್ಯ 2, ಎಂದರೆ ಎಲ್ಲ ಸಾಧನಗಳ ರೋಮುಗಳನ್ನೂ ನಡೆಸು ಎಂದು. 1 ಆದರೆ ವಿಜಿಎ ರೋಮುಗಳನ್ನು ಮಾತ್ರ.

ಕಾರ್ಡಿನ ಆಯ್ಕೆಯ ಬಗ್ಗೆಯೂ ಒಂದು ಮಾತು. ಸಣ್ಣ ಪೆಟ್ಟಿಗೆಗೆ ಹೊಂದುವ, ಸ್ಲಾಟಿನಿಂದಲೇ ವಿದ್ಯುತ್ತು ಪಡೆಯುವ ಕಾರ್ಡಿಗೆ 2014ರ ಎನ್ವಿಡಿಯಾ ಕ್ವಾಡ್ರೊ ಕೆ420 ಒಳ್ಳೆಯ ಉದಾಹರಣೆ: ಅರ್ಧ ಎತ್ತರ, 41 ವಾಟ್. ಕೆಪ್ಲರ್ ತಲೆಮಾರಿನ ಇಂಥ ಕಾರ್ಡುಗಳ ಚಿತ್ರಣವನ್ನು ನೂವೋ ಎಂಬ ಮುಕ್ತ ಡ್ರೈವರ್ ಎನ್ವಿಡಿಯಾ ಸಹಿ ಮಾಡಿದ ಕಡತಗಳ ಹಂಗಿಲ್ಲದೆ ನಡೆಸಬಲ್ಲದು. ಜಿಟಿಎಕ್ಸ್ 900 ಸರಣಿಯಿಂದ ಮುಂದಕ್ಕೆ ಆ ಸಹಿ ಕಡ್ಡಾಯವಾಯಿತು. ಮುಕ್ತ ಫರ್ಮ್‌ವೇರ್ ಬಳಸುವವರು ಹಳೆಯ ಕೆಪ್ಲರ್ ಕಾರ್ಡುಗಳನ್ನು ಹುಡುಕಿಕೊಂಡು ಹೋಗುವುದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ.

ಹಳೆಯ ವಿಜಿಎ ವಿಳಾಸದ ತಂಟೆ

ಈ ಯಂತ್ರದಲ್ಲಿ ಒಂದರ ಮರೆಯಲ್ಲಿ ಇನ್ನೊಂದು ತೊಂದರೆ ಇತ್ತು ಎನ್ನುವುದು ಪ್ರಕರಣವನ್ನು ಜಟಿಲಗೊಳಿಸಿದ ಸಂಗತಿ. ಮೊದಲನೆಯದು ವಿಜಿಎಯ ಹಳೆಯ ಋಣ. ಪಿಸಿಗಳ ಮೊದಲ ದಿನಗಳಿಂದಲೂ ಮೆಮೊರಿಯ 640ರಿಂದ 768 ಕಿಲೋಬೈಟ್ ವರೆಗಿನ 128 ಕಿಲೋಬೈಟುಗಳು ಪರದೆಗೆ ಮೀಸಲು. ಯಾವ ವಿಜಿಎ ಸಾಧನವಾದರೂ ಅದೇ ವಿಳಾಸಕ್ಕೇ ಕಿವಿಗೊಡಬೇಕು. ಆದ್ದರಿಂದ ಒಂದು ಕಾಲಕ್ಕೆ ಒಂದೇ ಸಾಧನ ಅಲ್ಲಿ ಉತ್ತರಿಸಬಹುದು. ಒಂದೇ ಮನೆ ಸಂಖ್ಯೆ ಬರೆದುಕೊಂಡ ಎರಡು ಮನೆಗಳು ಒಂದೇ ಬೀದಿಯಲ್ಲಿದ್ದರೆ ಅಂಚೆಯವನು ಮೊದಲು ಸಿಕ್ಕ ಬಾಗಿಲಿಗೇ ಕಾಗದ ಹಾಕಿ ಹೋಗುವಂತೆ, ಇಲ್ಲಿಯೂ ಪ್ರೊಸೆಸರಿಗೆ ಹತ್ತಿರವಿರುವವನದೇ ಮೇಲುಗೈ.

ಹತ್ತಿರವಿರುವುದು ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್. ಅದು ಮೊದಲನೇ ಪಿಸಿಐ ಬಸ್ಸಿನಲ್ಲಿ ಎರಡನೆಯ ಸಾಧನವಾಗಿ ಕುಳಿತಿದೆ. ಹೊರಗಿನ ಕಾರ್ಡ್ ಇರುವುದು ಒಂದನೆಯ ಸಾಧನವಾದ ಸೇತುವೆಯ ಆಚೆ ಬದಿಯ ಬಸ್ಸಿನಲ್ಲಿ. ಕೋರ್‌ಬೂಟಿನ ಸಾಮಾನ್ಯ ಕೋಡ್ ಎರಡು ವಿಜಿಎ ಸಾಧನಗಳನ್ನು ಕಂಡರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಹೊರಗಿನಿಂದ ತಂದು ಹಾಕಿದ್ದಕ್ಕೇ ಮಣೆ ಹಾಕುತ್ತದೆ; ಕಾರ್ಡ್ ಕೊಂಡು ತಂದವನ ಮನಸ್ಸಿನಲ್ಲಿ ಇರುವುದೂ ಅದೇ ಆದ್ದರಿಂದ ಇದು ಸರಿಯಾದ ಊಹೆ. ಸೇತುವೆಯ ನಿಯಂತ್ರಣ ರಿಜಿಸ್ಟರಿನಲ್ಲಿ (ಯಂತ್ರಾಂಶದ ಹೊಂದಿಕೆಗಳನ್ನು ಇಡುವ ಪುಟ್ಟ ಕೋಶದಲ್ಲಿ) ವಿಜಿಎ ಬಿಟ್ಟನ್ನು ಎತ್ತಿ ಹಳೆಯ ವಿಳಾಸಗಳ ಸಂಚಾರವನ್ನು ಆಚೆಗೆ ದಾಟಿಸುವ ಏರ್ಪಾಡನ್ನೂ ಮಾಡುತ್ತದೆ. ಆದರೆ ಹ್ಯಾಸ್ವೆಲ್‌ನಲ್ಲಿ ಇಷ್ಟು ಸಾಲದು. ಒಳಗಿನ ಗ್ರಾಫಿಕ್ಸಿಗೆ ನೀನು ವಿಜಿಎ ವಿಳಾಸಗಳಿಗೆ ಉತ್ತರಿಸಬೇಡ ಎಂದು ಹೇಳುವ ಬಿಟ್ ಒಂದು, ಮೆಮೊರಿ ನಿಯಂತ್ರಕದ ಬೇರೊಂದು ರಿಜಿಸ್ಟರಿನಲ್ಲಿ ಪ್ರತ್ಯೇಕವಾಗಿದೆ. ಆ ಸಾಧನವನ್ನೇ ಪಿಸಿಐ ಪಟ್ಟಿಯಿಂದ ಮಾಯ ಮಾಡುವ ಬಿಟ್ ಮತ್ತೊಂದು ರಿಜಿಸ್ಟರಿನಲ್ಲಿದೆ. ಹ್ಯಾಸ್ವೆಲ್‌ಗಾಗಿ ಆರಂಭದಲ್ಲಿ ಬರೆದ ಕೋಡಿನಲ್ಲಿ ಈ ಎರಡರ ಗೊಡವೆ ಇರಲಿಲ್ಲ. ಕ್ರೋಮ್‌ಬುಕ್‌ಗಳಂಥ ಲ್ಯಾಪ್‌ಟಾಪುಗಳನ್ನು ಎದುರಿಗಿಟ್ಟುಕೊಂಡು ಬರೆದ ಕೋಡಿಗೆ ಸ್ಲಾಟಿನಲ್ಲಿ ಬೇರೆ ಕಾರ್ಡ್ ಬರುವ ಸಂದರ್ಭ ಒದಗುವುದು ಅಪರೂಪವೇ ಸರಿ.

ಇದಕ್ಕಾಗಿ ಸಿದ್ಧವಾದ ಪ್ಯಾಚ್‌ನ (ಕೋಡಿನ ತಿದ್ದುಪಡಿಯ) ನಡೆ ಗಮನಿಸಬೇಕಾದದ್ದು. ಮೊದಲ ರೂಪದಲ್ಲಿ ಅದು ಹೊರಗಿನ ಕಾರ್ಡ್ ಕಂಡೊಡನೆ ಎರಡನ್ನೂ ಮಾಡುತ್ತಿತ್ತು, ವಿಜಿಎ ಉತ್ತರವನ್ನೂ ನಿಲ್ಲಿಸುತ್ತಿತ್ತು, ಒಳಗಿನ ಸಾಧನವನ್ನೂ ನಿಷ್ಕ್ರಿಯಗೊಳಿಸುತ್ತಿತ್ತು. ನಂತರದ ಪರಿಷ್ಕರಣೆಯಲ್ಲಿ ಎರಡನೆಯದನ್ನು ಕೈಬಿಟ್ಟು ವಿಜಿಎ ಉತ್ತರವನ್ನು ನಿಲ್ಲಿಸುವುದಷ್ಟನ್ನೇ ಉಳಿಸಿಕೊಳ್ಳಲಾಯಿತು. ಕಾಗದದ ಮೇಲೆ ಇದು ಒಪ್ಪುವ ಮಾತು: ಒಳಗಿನ ಗ್ರಾಫಿಕ್ಸ್ ಹಳೆಯ ವಿಳಾಸವನ್ನು ಬಿಟ್ಟುಕೊಟ್ಟ ಮೇಲೆ ಅದನ್ನು ಪೂರ್ತಿ ಮುಚ್ಚುವುದೇಕೆ, ಎರಡನೆಯ ಮಾನಿಟರಿಗೆ ಬಳಸಿಕೊಳ್ಳಬಹುದಲ್ಲ! ಆದರೆ ಮತ್ತೆ ಪರೀಕ್ಷಿಸಿ ನೋಡಿದಾಗ 9020ರ ಸಣ್ಣ ಪೆಟ್ಟಿಗೆಯಲ್ಲಿ ಒಳಗಿನದನ್ನು ಪೂರ್ತಿ ಮುಚ್ಚದೆ ಗತಿಯಿಲ್ಲವೆಂದು ತಿಳಿದು, ಕೈಬಿಟ್ಟ ಭಾಗವನ್ನು ಹಿಂದಕ್ಕೆ ತರಬೇಕಾಯಿತು. ರಿಜಿಸ್ಟರಿನ ವಿವರಣೆ ಓದಿ ಇಷ್ಟು ಸಾಕು ಎಂದು ನಿರ್ಧರಿಸುವುದಕ್ಕೂ ಯಂತ್ರ ಇಷ್ಟು ಸಾಕು ಎಂದು ಒಪ್ಪುವುದಕ್ಕೂ ನಡುವೆ ಇರುವ ಅಂತರ ಫರ್ಮ್‌ವೇರ್ ಕೆಲಸದಲ್ಲಿ ಪದೇಪದೇ ಎದುರಾಗುತ್ತದೆ.

ಇದರ ಪರಿಣಾಮ ಬಳಕೆದಾರನಿಗೆ ತಟ್ಟುವುದು ಹೀಗೆ: ಕಾರ್ಡ್ ಕೂರಿಸಿದ ಕೂಡಲೇ ಮದರ್‌ಬೋರ್ಡಿನ ಡಿಸ್‌ಪ್ಲೇ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ, ಲಿನಕ್ಸಿನ ಪಿಸಿಐ ಪಟ್ಟಿಯಲ್ಲಿ ಇಂಟೆಲ್ ಗ್ರಾಫಿಕ್ಸ್ ಕಾಣಸಿಗದು. ಇದನ್ನು ಅರಿಯದವರು ಕಾರ್ಡಿನಲ್ಲಿ ಚಿತ್ರ ಬಾರದಿದ್ದಾಗ ಕೇಬಲ್ಲನ್ನು ಮದರ್‌ಬೋರ್ಡಿಗೆ ಬದಲಿಸಿ, ಅಲ್ಲಿಯೂ ಕತ್ತಲೆ ಕಂಡು, ಫರ್ಮ್‌ವೇರ್ ಪೂರ್ತಿ ಹಾಳಾಯಿತೆಂದು ತೀರ್ಮಾನಿಸುವ ಅಪಾಯವಿದೆ. ಕಾರ್ಡನ್ನು ಸ್ಲಾಟಿನಿಂದ ತೆಗೆದು ನೋಡದೆ ಅಂಥ ತೀರ್ಮಾನಕ್ಕೆ ಬರಬಾರದು.

ಐಒಎಂಎಂಯು

ವಿಜಿಎಯ ತಂಟೆ ತೀರಿದ ಮೇಲೂ ಎಕ್ಸ್‌ಆರ್ಗ್ ಹ್ಯಾಂಗ್ ಆಗುವುದು ನಿಲ್ಲದಿದ್ದರೆ ಸಹಜವಾಗಿ ದೃಷ್ಟಿ ಹೋಗುವುದು ಡ್ರೈವರಿನ ಕಡೆಗೆ. ಅಕ್ಷರ ಪರದೆ ಸರಿಯಿದೆ, ಚಿತ್ರ ಪರದೆ ಕೆಟ್ಟಿದೆ, ಆದ್ದರಿಂದ ನೂವೋ ಕೆಟ್ಟಿದೆ, ತರ್ಕ ಸಲೀಸಾಗಿದೆ. ಮೋಡ್‌ಸೆಟ್ ಬೇಡ ಎಂಬ ಕರ್ನಲ್ ಸೂಚನೆ ಕೊಟ್ಟು ಬೂಟ್ ಮಾಡುವುದು ಈ ಹಂತದ ವಾಡಿಕೆಯ ಮದ್ದು, ಅದರಿಂದ ಡ್ರೈವರ್ ಕಾರ್ಡನ್ನು ಮುಟ್ಟದೆ ನಿಧಾನಗತಿಯ ಸರಳ ಪರದೆ ಸಿಗುತ್ತದೆ. ಆದರೆ ಅದು ರೋಗವನ್ನು ಮುಟ್ಟದ ಮದ್ದು. ಡ್ರೈವರ್ ಕಾರ್ಡನ್ನು ನಿಜವಾಗಿ ದುಡಿಸಲು ಹೊರಟಾಗ ಹೊಸದಾಗಿ ಏನು ನಡೆಯುತ್ತದೆ ಎಂದು ಕೇಳಿಕೊಂಡರೆ ದಾರಿ ತೆರೆಯುತ್ತದೆ. ಅಕ್ಷರ ಮೂಡಿಸುವಾಗ ಪ್ರೊಸೆಸರ್ ಕಾರ್ಡಿನ ಮೆಮೊರಿಗೆ ಬರೆಯುತ್ತದೆ. ಕಾರ್ಡ್ ತಾನಾಗಿ ಏನನ್ನೂ ಕೇಳುವುದಿಲ್ಲ. ಚಿತ್ರಾತ್ಮಕ ಪರದೆ ಶುರುವಾದ ಮೇಲೆ ಕಾರ್ಡೇ ಯಂತ್ರದ ಮುಖ್ಯ ಮೆಮೊರಿಯೊಳಕ್ಕೆ ಕೈಹಾಕಿ ಆದೇಶಗಳನ್ನೂ ಚಿತ್ರದ ತುಣುಕುಗಳನ್ನೂ ಎಳೆದುಕೊಳ್ಳತೊಡಗುತ್ತದೆ. ಪ್ರೊಸೆಸರಿನ ಮಧ್ಯಸ್ಥಿಕೆ ಇಲ್ಲದ ಈ ನೇರ ಮೆಮೊರಿ ಬಳಕೆಗೆ ಡಿಎಂಎ ಎಂದು ಹೆಸರು. ಡಿಎಂಎಯ ಹಾದಿಯಲ್ಲಿ ಕಾವಲಿಗೆ ನಿಂತು, ಸಾಧನಗಳು ಕೇಳುವ ವಿಳಾಸಗಳನ್ನು ಬದಲಿಸಿ, ಅವಕ್ಕೆ ಸಲ್ಲದ ಮೆಮೊರಿಯನ್ನು ಮುಟ್ಟದಂತೆ ತಡೆಯುವ ಘಟಕವೇ ಐಒಎಂಎಂಯು. ಇಂಟೆಲ್ ತನ್ನದನ್ನು ವಿಟಿ-ಡಿ ಎಂದು ಕರೆಯುತ್ತದೆ.

ಲಿನಕ್ಸ್ ಬೂಟ್ ಸಾಲಿಗೆ ಐಒಎಂಎಂಯು ಆಫ್ ಎಂಬ ಸೂಚನೆಯನ್ನು ಸೇರಿಸಿದರೆ ಅದೇ ಕಾರ್ಡ್, ಅದೇ ಡ್ರೈವರ್, ಅದೇ ಎಕ್ಸ್‌ಆರ್ಗ್ ಸರಿಯಾಗಿ ನಡೆದವು. ಪ್ರಕರಣದ ತಿರುವು ಇದೇ. ಆ ಸೂಚನೆ ಇಲ್ಲದೆ ಕಾರ್ಡನ್ನು ಬಳಸಲಾಗಲಿಲ್ಲವೆಂದು, ಇದಕ್ಕಾಗಿ ಬರೆದ, ಮುಂದೆ ಹೇಳಲಿರುವ ಪ್ಯಾಚ್‌ನ ಟಿಪ್ಪಣಿಯೇ ಹೇಳುತ್ತದೆ.

ಕೋರ್‌ಬೂಟ್ ಇಲ್ಲಿ ಮಾಡುತ್ತಿದ್ದ ಕೆಲಸ ಹೇಳುವುದಕ್ಕೆ ಸರಳ. ಪ್ರೊಸೆಸರಿಗೆ ವಿಟಿ-ಡಿ ಸಾಮರ್ಥ್ಯ ಇದೆಯೇ ಎಂದು ಪರೀಕ್ಷಿಸುವುದು. ಇದ್ದರೆ ಐಒಎಂಎಂಯು ಘಟಕಗಳಿಗೆ ವಿಳಾಸ ಕೊಟ್ಟು ತೆರೆದು, ಕರ್ನಲ್‌ಗೆ ತಿಳಿಸುವ ಡಿಎಂಎಆರ್ ಎಂಬ ಎಸಿಪಿಐ ಕೋಷ್ಟಕವನ್ನು ಬರೆದಿಡುವುದು. ಹ್ಯಾಸ್ವೆಲ್‌ನಲ್ಲಿ ಇಂಥ ಘಟಕಗಳು ಎರಡು. ಒಂದು ಒಳಗಿನ ಗ್ರಾಫಿಕ್ಸಿಗೆ ಮಾತ್ರ ಮೀಸಲು. ಉಳಿದ ಎಲ್ಲ ಸಾಧನಗಳೂ ಇನ್ನೊಂದರ ಸುಪರ್ದಿಗೆ ಬರುತ್ತವೆ, ಹೊರಗಿನ ಗ್ರಾಫಿಕ್ಸ್ ಕಾರ್ಡೂ ಸೇರಿ.

ಈ ಒಂದು ವಿವರದಿಂದ ಲಕ್ಷಣಗಳ ಪಟ್ಟಿಯನ್ನು ಬೇರೆಯಾಗಿ ಓದಬಹುದು. ಐಒಎಂಎಂಯು ಚಾಲೂ ಇದ್ದಾಗಲೂ ಇಂಟೆಲ್ ಗ್ರಾಫಿಕ್ಸ್ ಚೆನ್ನಾಗಿ ನಡೆಯುತ್ತದೆ ಎಂಬ ದಾಖಲಿತ ಸಂಗತಿಯನ್ನು ಐಒಎಂಎಂಯುವಿನ ಏರ್ಪಾಡು ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಅದು ಹಾದುಹೋಗುವ ಘಟಕವೇ ಬೇರೆ. ಇನ್ನು ಡಿಸ್ಕ್ ಮತ್ತು ಜಾಲದ ನಿಯಂತ್ರಕಗಳು ಎರಡನೆಯ ಘಟಕವನ್ನೇ ಬಳಸುತ್ತವೆ, ಯಂತ್ರ ಬೂಟ್ ಆಗಿದೆ ಎಂದರೆ ಡಿಸ್ಕಿನ ಡಿಎಂಎ ನಡೆದಿದೆ. ಆದರೆ ಅವೆರಡೂ ಇರುವುದು ಚಿಪ್‌ಸೆಟ್ಟಿನ ಕಡೆ. ಗ್ರಾಫಿಕ್ಸ್ ಸ್ಲಾಟ್ ಮಾತ್ರ ನೇರವಾಗಿ ಪ್ರೊಸೆಸರಿಗೆ ಅಂಟಿಕೊಂಡಿದೆ. ಹೀಗೆ ನೋಡಿದರೆ ಶಂಕೆಯ ವಲಯ ಆ ಸ್ಲಾಟಿನಿಂದ ಎರಡನೆಯ ಘಟಕದ ವರೆಗಿನ ಹಾದಿಗೆ ಕುಗ್ಗುತ್ತದೆ. ಮೂಲವನ್ನು ಹುಡುಕಬಯಸುವವರು ಅದೇ ಸ್ಲಾಟಿನಲ್ಲಿ ಗ್ರಾಫಿಕ್ಸ್ ಅಲ್ಲದ ಬೇರೊಂದು ಕಾರ್ಡನ್ನು, ಉದಾಹರಣೆಗೆ ಜಾಲದ ಕಾರ್ಡನ್ನು, ಐಒಎಂಎಂಯು ಚಾಲೂ ಇಟ್ಟು ದುಡಿಸಿ ನೋಡುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ. ಅದೂ ನಿಂತರೆ ತೊಂದರೆ ಹಾದಿಯದು, ಅದು ನಡೆದರೆ ಗ್ರಾಫಿಕ್ಸ್ ಕಾರ್ಡಿನ ವರ್ತನೆಯದು.

ಕರ್ನಲ್ ಸೂಚನೆಗಳಲ್ಲಿಯೂ ಮೆಟ್ಟಿಲುಗಳಿವೆ, ಎಲ್ಲರೂ ನೇರವಾಗಿ ಕೊನೆಯ ಮೆಟ್ಟಿಲಿಗೆ ಹಾರುವುದರಿಂದ ಮಾಹಿತಿ ಕಳೆದುಹೋಗುತ್ತದೆ. ಒಳಗಿನ ಗ್ರಾಫಿಕ್ಸಿಗೆ ಮಾತ್ರ ಐಒಎಂಎಂಯು ಬೇಡ ಎನ್ನುವ ಸೂಚನೆ ಒಂದಿದೆ. ಹೊರಗಿನ ಕಾರ್ಡಿನ ತೊಂದರೆಗೆ ಅದು ನಿರುಪಯೋಗಿ, ಅದರಿಂದ ಗುಣವಾಯಿತೆಂದು ಯಾರಾದರೂ ಹೇಳಿದರೆ ಅವರ ತೊಂದರೆ ಬೇರೆಯೇ ಎಂದು ತಿಳಿಯಬೇಕು. ಪಾಸ್‌ತ್ರೂ ಎಂಬ ಸೂಚನೆಯಲ್ಲಿ ಐಒಎಂಎಂಯು ಚಾಲೂ ಇರುತ್ತದೆ, ಆದರೆ ಯಂತ್ರದ ಸ್ವಂತ ಸಾಧನಗಳ ವಿಳಾಸಗಳನ್ನು ಬದಲಿಸದೆ ಹಾಗೆಯೇ ಬಿಡುತ್ತದೆ. ಇದರಿಂದಲೇ ಪರದೆ ಬಂದರೆ ಘಟಕದ ಸಜ್ಜಿಕೆ ಸರಿಯಿದೆ, ವಿಳಾಸ ಬದಲಾವಣೆಯ ಹಂತದಲ್ಲಿ ಎಡವುತ್ತಿದೆ ಎಂದು ಹೇಳಬಹುದು. ಪೂರ್ತಿ ಆಫ್ ಮಾಡುವುದು ಇವೆರಡರ ನಂತರದ ಮಾತು. ಪ್ರತಿ ಬಾರಿಯೂ ಬೇರೊಂದು ಯಂತ್ರದಿಂದ ಜಾಲದ ಮೂಲಕ ಒಳಹೊಕ್ಕು ಕರ್ನಲ್ ಸಂದೇಶಗಳಲ್ಲಿ ಡಿಎಂಎಆರ್ ಎಂಬ ತಲೆಬರಹದ ದೋಷದ ಸಾಲುಗಳನ್ನು ಹುಡುಕಬೇಕು. ಹಾಗೆ ಒಳಹೋಗಲು ಸಾಧ್ಯವಾಗುವುದೇ ಒಂದು ಸುಳಿವು: ಸಾಧ್ಯವಾದರೆ ಸ್ತಬ್ಧವಾದದ್ದು ಪರದೆ ಮಾತ್ರ, ಆಗದಿದ್ದರೆ ಬಸ್ಸೇ ಕಟ್ಟಿಕೊಂಡಿರಬಹುದು.

ಇಲ್ಲಿ ವರದಿಗಳು ಒಂದಕ್ಕೊಂದು ಹೊಂದದಿರಲು ಎರಡು ಕಾರಣಗಳನ್ನು ಹೇಳಲೇಬೇಕು. ಪ್ರೊಸೆಸರ್ ಬೇರೆಯಾದರೆ ಫಲವೂ ಬೇರೆ: ಐ7 4770ರಲ್ಲಿ ವಿಟಿ-ಡಿ ಇದೆ, ಅದರ ಒಡಹುಟ್ಟಾದ 4770ಕೆಯಲ್ಲಿ ಇಲ್ಲ. ಕೋರ್‌ಬೂಟ್ ಸಾಮರ್ಥ್ಯ ನೋಡಿಯೇ ಮುಂದುವರಿಯುವುದರಿಂದ 4770ಕೆ ಹಾಕಿದ ಯಂತ್ರದಲ್ಲಿ ಈ ತೊಂದರೆ ತಲೆಯೆತ್ತಲು ಆಸ್ಪದವೇ ಇಲ್ಲ. ಎರಡನೆಯದು ಲಿನಕ್ಸ್ ವಿತರಣೆ. ಇಂಟೆಲ್ ಐಒಎಂಎಂಯುವನ್ನು ತಾನಾಗಿ ಚಾಲೂ ಮಾಡಬೇಕೇ ಬೇಡವೇ ಎಂಬುದು ಕರ್ನಲ್ ಕಂಪೈಲ್ ಮಾಡುವಾಗಿನ ಆಯ್ಕೆ, ಅದು ವಿತರಣೆಯಿಂದ ವಿತರಣೆಗೆ ಬದಲಾಗುತ್ತದೆ. ಆದ್ದರಿಂದ ಒಂದು ವಿತರಣೆಯಲ್ಲಿ ಹ್ಯಾಂಗ್ ಆದ ಯಂತ್ರ ಇನ್ನೊಂದರ ಯುಎಸ್‌ಬಿ ಕಡ್ಡಿಯಿಂದ ಬೂಟ್ ಮಾಡಿದಾಗ ಸರಾಗವಾಗಿ ಓಡಬಹುದು, ಬಳಕೆದಾರನೂ ಹೊಸ ಡ್ರೈವರಿನಿಂದ ಸರಿಯಾಯಿತು ಎಂದು ಬರೆದು ಮುಂದಿನವರ ದಾರಿ ತಪ್ಪಿಸಬಹುದು. ತೊಂದರೆ ವರದಿ ಮಾಡುವವರು ಕಾರ್ಡಿನ ಹೆಸರಿನ ಜೊತೆಗೆ ಪ್ರೊಸೆಸರಿನ ಪೂರ್ಣ ಮಾದರಿಯನ್ನೂ ಕರ್ನಲ್‌ನ ಬೂಟ್ ಸಾಲನ್ನೂ ಕೊಡದಿದ್ದರೆ ಆ ವರದಿಗೆ ಬೆಲೆ ಕಡಿಮೆ.

ಪರಿಹಾರ ಮತ್ತು ಅದರ ಬೆಲೆ

ಕರ್ನಲ್ ಸೂಚನೆಯಿಂದ ಕೆಲಸ ನಡೆಯುತ್ತದೆ ಎಂದ ಮೇಲೆ ಅದನ್ನೇ ಬರೆದಿಟ್ಟು ಬಿಡಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ತೊಡಕು ಇರುವುದು ಅನುಸ್ಥಾಪನೆಯ ಹೊತ್ತಿನಲ್ಲಿ. ಹೊಸ ಲಿನಕ್ಸ್ ಹಾಕಲು ಯುಎಸ್‌ಬಿ ಕಡ್ಡಿ ಚುಚ್ಚಿದ ಪ್ರತಿ ಸಲವೂ, ಬೂಟ್ ಮೆನುವಿನಲ್ಲಿ ಸಾಲನ್ನು ತಿದ್ದಿ ಆ ಸೂಚನೆಯನ್ನು ಕೈಯಾರೆ ಟೈಪ್ ಮಾಡಬೇಕು; ಮರೆತರೆ ಮತ್ತೆ ಹ್ಯಾಂಗ್. ಇದನ್ನು ತಿಳಿದವರಿಗೆ ಕಿರಿಕಿರಿ, ತಿಳಿಯದವರಿಗೆ ಗೋಡೆ.

ಆದ್ದರಿಂದ ಕೋರ್‌ಬೂಟಿನ ಹ್ಯಾಸ್ವೆಲ್ ಭಾಗಕ್ಕೆ ಐಒಎಂಎಂಯು ಎಂಬ ಹೆಸರಿನ ಆಯ್ಕೆಯೊಂದನ್ನು ಸೇರಿಸುವ ಪ್ಯಾಚ್ ಬರೆಯಲಾಯಿತು. ಆಯ್ಕೆಯನ್ನು ಮುಟ್ಟದಿದ್ದರೆ ಹಳೆಯ ನಡವಳಿಕೆಯೇ ಮುಂದುವರಿಯುತ್ತದೆ. ನಿಷ್ಕ್ರಿಯ ಎಂದು ಇಟ್ಟರೆ ಪ್ರೊಸೆಸರಿನ ಸಾಮರ್ಥ್ಯದ ಪರೀಕ್ಷೆಯನ್ನೇ ಬಿಟ್ಟು, ಐಒಎಂಎಂಯುವನ್ನು ತೆರೆಯದೆ ಮುಂದೆ ಸಾಗುತ್ತದೆ. ಹೆಚ್ಚಿನ ಬಳಕೆಗೆ ಐಒಎಂಎಂಯು ಚಾಲೂ ಇರುವುದೇ ಮೇಲು ಎಂಬ ಶಿಫಾರಸೂ ಆ ಟಿಪ್ಪಣಿಯಲ್ಲೇ ಇದೆ. ನಿಷ್ಕ್ರಿಯವಾಗಿ ಇಟ್ಟಾಗಲೂ ಅದರ ನೀತಿ ರಿಜಿಸ್ಟರುಗಳಿಗೆ ಬೀಗ ಹಾಕಬೇಕು ಎಂಬ ವಿಮರ್ಶಕರ ಸಲಹೆಯನ್ನು ಇನ್ನೊಂದು ಪ್ಯಾಚ್ ಆಗಿ ಸೇರಿಸಲಾಯಿತು. ಬಳಸದ ಬಾಗಿಲಿಗೂ ಬೀಗ ಬೇಕು ಎನ್ನುವ ಎಚ್ಚರ ಒಪ್ಪತಕ್ಕದ್ದು. ಲಿಬ್ರೆಬೂಟ್ ಈ ಆಯ್ಕೆಯನ್ನು 9020ರ ಮಟ್ಟಿಗೆ ಮೊದಲೇ ನಿಷ್ಕ್ರಿಯ ಎಂದು ಇಟ್ಟು ರೋಮ್ ಹಂಚಿತು. ಗ್ರಾಫಿಕ್ಸ್ ಕಾರ್ಡ್ ತಂದು ಹಾಕುವವರಿಗೆ ತೊಡಕಾಗದಿರಲಿ ಎಂಬುದೇ ಅದಕ್ಕೆ ಕೊಟ್ಟ ಕಾರಣ.

ನನಗೆ ಈ ನಿರ್ಧಾರ ಸರಿಯೆನಿಸುತ್ತದೆ, ಆದರೆ ಇದನ್ನು ದುರಸ್ತಿ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಐಒಎಂಎಂಯುವನ್ನು ಮುಚ್ಚಿದರೆ ಪರದೆ ಬರುತ್ತದೆ ಎಂಬುದು ತೊಂದರೆಯ ತಾಣವನ್ನು ತೋರಿಸುತ್ತದೆ, ಕಾರಣವನ್ನಲ್ಲ. ಜೊತೆಗೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸಾಧನವೊಂದು ತನಗೆ ಸಂಬಂಧಿಸದ ಮೆಮೊರಿಯನ್ನು ಓದದಂತೆ ತಡೆಯುವ ಕಾವಲು ತೆರವಾಗುತ್ತದೆ. ಮನೆಯೊಳಗಿನ ಡೆಸ್ಕ್‌ಟಾಪಿನಲ್ಲಿ, ಅದೂ ಪೆಟ್ಟಿಗೆ ಬಿಚ್ಚದೆ ಪಿಸಿಐ ಸ್ಲಾಟಿಗೆ ಕೈಯಿಡಲಾಗದ ಯಂತ್ರದಲ್ಲಿ, ಈ ಅಪಾಯವನ್ನು ಬಹುತೇಕರು ಸಹಿಸಬಹುದು. ಆದರೆ ಪ್ರತಿ ಕೆಲಸವನ್ನೂ ಬೇರೆ ಬೇರೆ ವರ್ಚುವಲ್ ಯಂತ್ರದಲ್ಲಿಟ್ಟು ಭದ್ರತೆ ಒದಗಿಸುವ ಕ್ಯೂಬ್ಸ್ ಕಾರ್ಯಾಚರಣ ವ್ಯವಸ್ಥೆಗೆ ಐಒಎಂಎಂಯು ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡನ್ನು ಇಡಿಯಾಗಿ ಒಂದು ವರ್ಚುವಲ್ ಯಂತ್ರಕ್ಕೆ ಒಪ್ಪಿಸಿ ಬಳಸುವವರಿಗೂ ಅದಿಲ್ಲದೆ ನಡೆಯದು. ಕಾರ್ಡನ್ನು ಆ ಉದ್ದೇಶಕ್ಕೆಂದೇ ಕೊಂಡವರಿಗೆ ಈ ಪರಿಹಾರದಿಂದ ಯಾವ ಉಪಕಾರವೂ ಇಲ್ಲ.

ಕ್ಯೂಬ್ಸ್ ಬಳಸಬಯಸುವವರು 9020ರಲ್ಲಿ ಹೊರಗಿನ ಕಾರ್ಡನ್ನು ತೆಗೆದಿಟ್ಟು ಇಂಟೆಲ್ ಗ್ರಾಫಿಕ್ಸಿನಲ್ಲೇ ಉಳಿದು, ಐಒಎಂಎಂಯು ಆಯ್ಕೆಯನ್ನು ಮತ್ತೆ ಚಾಲೂ ಮಾಡಿಕೊಳ್ಳಬೇಕು. ಕೋರ್‌ಬೂಟಿನ ಜೊತೆ ಬರುವ ಎನ್‌ವಿರ‍್ಯಾಮ್‌ಟೂಲ್ ಎಂಬ ಉಪಕರಣಕ್ಕೆ ರೋಮ್ ಕಡತವನ್ನೇ ಕೊಟ್ಟು ಅದರೊಳಗಿನ ಪೂರ್ವನಿಗದಿತ ಮೌಲ್ಯವನ್ನು ತಿದ್ದಿ, ಆ ಕಡತವನ್ನು ಯಂತ್ರಕ್ಕೆ ಬರೆಯುವುದು ಇದಕ್ಕೆ ಇರುವ ಕ್ರಮ. ಬರೆಯುವ ಮೊದಲು ಈಗಿರುವ ರೋಮ್‌ನ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿ ಉಳಿಸಿಕೊಂಡಿರಬೇಕು. ಬರೆದ ನಂತರ ಸಿಬಿಮೆಮ್ ದಾಖಲೆಯನ್ನೂ ಕರ್ನಲ್‌ನ ಡಿಎಂಎಆರ್ ಸಾಲುಗಳನ್ನೂ ನೋಡಿ, ಐಒಎಂಎಂಯು ನಿಜಕ್ಕೂ ಚಾಲೂ ಆಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕ್ಯೂಬ್ಸ್ ಅನುಸ್ಥಾಪನೆಗೆ ಇಳಿಯಬೇಕು.